ಸುಶೀಲಕ್ಕನ ತಂಗಿ ಮಕ್ಕಳು

ಸುಶೀಲಕ್ಕನಿಗೆ ತಂಗಿಯೇ ಇರಲಿಲ್ಲ. ಆದರೂ ಪುತ್ತೂರು, ಸುಳ್ಯ, ಕಡಬದ ಬಾಡಿಗೆ ಕೋಣೆಗಳಲ್ಲೆಲ್ಲ ಅವರ ತಂಗಿ ಮಕ್ಕಳಿದ್ದರು. ನಾನೂ ಅವರಲ್ಲೊಬ್ಬಳು. ಹದಿನೆಂಟು ತುಂಬಿತೆಂದು ಅನಾಥಾಲಯದವರು ನನ್ನನ್ನು ಹೊರಗೆ ಕಳಿಸಿದಾಗ ಗೇಟಿನ ಬಳಿ ಕಾದಿದ್ದವರು ಈ ನಿವೃತ್ತ ಅಂಗನವಾಡಿ ಟೀಚರು ಒಬ್ಬರೇ. ನಮ್ಮ ಕಡೆ ಹಿಂದೆ ಮುಂದೆ ಯಾರೂ ಇಲ್ಲದ ಹುಡುಗಿಗೆ ಕೋಣೆ ಸಿಗುವುದಿಲ್ಲ. "ಮನೆ ಎಲ್ಲಿ? ಯಾರ ಪೈಕಿ?" ಎಂದು ಮೊದಲು ಕೇಳುತ್ತಾರೆ. "ನನ್ನ ತಂಗಿ ಮಗಳು" ಎಂದು ಸುಶೀಲಕ್ಕ ಸಲೀಸಾಗಿ ಸುಳ್ಳು ಹೇಳುತ್ತಿದ್ದರು.

ಅವರ ಬಾಯಿ ಮಾತ್ರ ಜೋರು. ಸುಳ್ಯದ ಕೋಣೆಯಲ್ಲಿ ಮೊದಲ ದಿನ ಅನ್ನಕ್ಕಿಟ್ಟೆ. ಇಡೀ ಅನಾಥಾಲಯಕ್ಕೆ ಅಕ್ಕಿ ತೊಳೆದ ಕೈ. ಒಬ್ಬಳಿಗೆ ಎಷ್ಟು ಬೇಕೆಂದು ಗೊತ್ತಿರಲಿಲ್ಲ. ಪಾತ್ರೆ ಉಕ್ಕಿ ಸ್ಟವ್ವೇ ಆರಿಹೋಯಿತು.

"ಎಂತ ಮಾರಾಯ್ತಿ, ಊರಿಗೆಲ್ಲ ಊಟ ಉಂಟಾ ಇವತ್ತು?"

ನನಗೆ ಅಳು ಬಂತು.

"ಅಳುದು ಆಮೇಲೆ. ಮೊದಲು ಒಬ್ಳಿಗೆ ಬೇಯಿಸ್ಲಿಕ್ಕೆ ಕಲಿ" ಎಂದವರು, ಆ ಮುದ್ದೆಯಾದ ಅನ್ನವನ್ನು ನನ್ನೆದುರೇ ಕೂತು ಉಂಡರು.

ಎಡವಟ್ಟಾದದ್ದು ಒಂದು ಹೊಸಮನೆ ಒಕ್ಕಲಿನ ಊಟದಲ್ಲಿ. ಸುಳ್ಯದ ನನ್ನ ಓನರೂ ಕಡಬದ ಇನ್ನೊಬ್ಬ ಓನರೂ ಪಕ್ಕಪಕ್ಕ ಕೂತು, ತಮ್ಮ ಬಾಡಿಗೆ ಹುಡುಗಿಯರ ದೊಡ್ಡಮ್ಮನ ವಿಷಯ ತೆಗೆದರು. ಸಾಂಬಾರು ಬಡಿಸುತ್ತಿದ್ದ, ಸುಶೀಲಕ್ಕನದೇ ಊರಾದ ಅರಂತೋಡಿನವನೊಬ್ಬ, "ಸುಶೀಲಕ್ಕನಿಗೆ ತಂಗಿ ಎಲ್ಲಿ ಮಾರಾಯ್ರೆ?" ಎಂದುಬಿಟ್ಟ. ಅಷ್ಟೇ ಸಾಕಾಯಿತು. ಹೆಚ್ಚು ದಿನ ಹೋಗಲಿಲ್ಲ, ಊರವರ ಬಾಯಲ್ಲಿ ಸುಶೀಲಕ್ಕ ಹುಡುಗಿಯರನ್ನು ಮಾರುವ ಹೆಂಗಸಾದರು. ನಮಗೆ ಮಲಗಲು ಒಂದು ಮೂಲೆ ಕೊಡದ ಜನ ನಮ್ಮ ಮಾನಕ್ಕಾಗಿ ಎಷ್ಟು ತಲೆ ಕೆಡಿಸಿಕೊಂಡರು! ಅವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನಮ್ಮೆಲ್ಲರ ಕೋಣೆಯೂ ಹೋಯಿತು.

"ನೀನು ಪುತ್ತೂರಿಗೆ ಹೋಗು. ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಗ್ತದೆ. ನನ್ನ ಹೆಸರು ಎಲ್ಲಿಯೂ ಹೇಳುದು ಬೇಡ. ಎದುರು ಸಿಕ್ಕಿದ್ರೂ ಮಾತಾಡ್ಬೇಡ" ಎಂದರು ಸುಶೀಲಕ್ಕ. ಅಪ್ಪ ಅಮ್ಮ ಮುಂಬಯಿಯಲ್ಲಿದ್ದಾರೆಂದು ಈ ಸಲ ನಾನೇ ಸುಳ್ಳು ಹೇಳಿ ಕೋಣೆ ಹಿಡಿದೆ.

ಕೊನೆಗೆ ಅವರನ್ನು ಕಂಡದ್ದು ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ. ಹೊಸ ಓನರಮ್ಮ ನನ್ನ ಜೊತೆಗಿದ್ದರು. ಸುಶೀಲಕ್ಕ ತೀರಾ ಸೊರಗಿದ್ದರು. ನನಗೆ ತಡೆಯಲಾಗಲಿಲ್ಲ, ಎರಡು ಹೆಜ್ಜೆ ಮುಂದೆ ಹೋದೆ. ಅವರೇ ಗಡಿಬಿಡಿಯಲ್ಲಿ, "ಸವಣೂರು ಬಸ್ಸು ಹೋಯ್ತಾ?" ಎಂದರು.

"ಇಲ್ಲ, ಈಗ ಬರ್ತದೆ."

"ಯಾರದು? ನಿನ್ನ ಗುರ್ತದವರಾ?" ಎಂದು ಓನರಮ್ಮ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಸುಶೀಲಕ್ಕ, "ಇಲ್ಲ ಅಕ್ಕ, ಬಸ್ಸು ಕೇಳಿದ್ದು ಅಷ್ಟೆ" ಎಂದು ಹೇಳಿ, ಬೆನ್ನು ಹಾಕಿ ನಿಂತರು.