ಅನುಬಂಧಕ್ಕೆ ಹೊದಿಸಿದ ಶಾಲು

ಬಿ.ಎ. ಕೊನೆಯ ವರ್ಷದಲ್ಲಿ ನಮ್ಮ ಕಾಲೇಜಿಗೆ ಸಂಶೋಧನೆಯ ಹುಚ್ಚು ಹಿಡಿಯಿತು. ಪ್ರತಿ ವಿದ್ಯಾರ್ಥಿಯೂ ಒಂದು ಸ್ವತಂತ್ರ ಸಂಶೋಧನೆ ಮಾಡಬೇಕು, ವಿಷಯ ಯಾವುದಾದರೂ ಆಗಬಹುದು ಎಂದು ನೋಟಿಸ್ ಹಚ್ಚಿದರು. 'ಯಾವುದಾದರೂ' ಎಂಬ ಮಾತನ್ನು ನಿಜವೆಂದು ನಂಬಿದವಳು ಇಡೀ ತರಗತಿಯಲ್ಲಿ ನಾನೊಬ್ಬಳೇ. ಉಳಿದವರು ಇಂದಿರಾನಗರದ ಕೆಫೆಗಳಲ್ಲಿ ಕೂತು ಯುವಜನರ ಕಾಫಿ ಅಭ್ಯಾಸದ ಮೇಲೆ ಸಂಶೋಧನೆಗೆ ತೊಡಗಿದರು. ನಾನು ಕಥೆ ಬರೆಯುತ್ತೇನೆ ಎಂದೆ.

ನನಗೆ ಗೈಡ್ ಆಗಿ ಸಿಕ್ಕ ಮೇಷ್ಟ್ರು ಕಥೆ ಕಾದಂಬರಿಗಳ ಮೇಲೆ ರಾಶಿ ಲೇಖನ ಬರೆದವರು. ಆ ಕಥೆ ಕಾದಂಬರಿಗಳಲ್ಲಿ ಒಂದನ್ನಾದರೂ ಇಷ್ಟಪಟ್ಟು ಓದಿದ ಗುರುತು ಅವರ ಮುಖದ ಮೇಲೆ ನನಗಂತೂ ಕಾಣಲಿಲ್ಲ.

"ನಿಮ್ಮ ಹೈಪಾಥಿಸಿಸ್ ಏನು?" ಎಂದರು.

"ಒಬ್ಬ ಹೆಂಗಸು ಗಂಡನ ಮನೆ ಬಿಟ್ಟು ಬರ್ತಾಳೆ ಸರ್."

"ಅದು ಘಟನೆ ಕಣಮ್ಮ. ಹೈಪಾಥಿಸಿಸ್ ಹೇಳಿ."

"ಯಾಕೆ ಬಂದ್ಳು ಅಂತ ನಂಗೂ ಗೊತ್ತಿಲ್ಲ ಸರ್. ಬರೀತಾ ಗೊತ್ತಾಗ್ಬೋದು."

ಅವರು ಪೆನ್ನಿನ ಕ್ಯಾಪ್ ಮುಚ್ಚಿ, ಜ್ವರ ಬಂದ ಮಗುವನ್ನು ನೋಡುವಂತೆ ನನ್ನನ್ನು ನೋಡಿದರು.

ಆ ಹೆಂಗಸು ನನ್ನ ಅತ್ತೆ, ಅಪ್ಪನ ತಂಗಿ. ಕೆ.ಆರ್. ಪುರಕ್ಕೆ ಮದುವೆಯಾಗಿ ಹೋದವಳು ತಿಂಗಳು ತುಂಬುವ ಮೊದಲೇ ಒಂದು ಬ್ಯಾಗು ಹಿಡಿದು ಮರ್ಫಿ ಟೌನಿನ ನಮ್ಮ ಮನೆಗೆ ವಾಪಸ್ ಬಂದಿದ್ದಳು. ಯಾಕೆಂದು ಯಾರಿಗೂ ಹೇಳಲಿಲ್ಲ. ಕೇಳಿ ಕೇಳಿ ಸಾಕಾಗಿ ಮನೆಯವರೂ ಸುಮ್ಮನಾದರು. ನಾನು ಹುಟ್ಟುವ ಹೊತ್ತಿಗೆ ಅವಳು ಕಾಕ್ಸ್ ಟೌನಿನ ಬೇಕರಿಯೊಂದರಲ್ಲಿ ಕೆಲಸಕ್ಕೆ ಸೇರಿ, ಇಡೀ ಬೀದಿಗೆ ಬೇಕಾದವಳಾಗಿದ್ದಳು.

ನನ್ನ ಕಥೆಯಲ್ಲಿ ಆ ಹೆಂಗಸು ಕರಿಬೇವು ತರಲು ಸಂತೆಗೆ ಹೋಗುತ್ತಾಳೆ. ಶಿವಾಜಿನಗರದ ಬೋರ್ಡು ಹಾಕಿಕೊಂಡ ಬಸ್ಸು ಬಂದು ನಿಲ್ಲುತ್ತದೆ. ಹತ್ತಿಬಿಡುತ್ತಾಳೆ. ಹೊಡೆತವಿಲ್ಲ, ವರದಕ್ಷಿಣೆಯಿಲ್ಲ, ಕಣ್ಣೀರಿಲ್ಲ. ಅದನ್ನು ಬರೆದು ಮುಗಿಸಿದ ದಿನ ಹಲಸೂರು ಕೆರೆಯ ಸುತ್ತ ಸುಮ್ಮನೆ ನಡೆದಾಡಿ ಬಂದೆ; ಅಷ್ಟು ಖುಷಿಯಾಗಿತ್ತು.

ಗೈಡ್ ಓದಿ, "ಇದಕ್ಕೆ ಆಧಾರ ಏನು?" ಎಂದು ಕೇಳಿದರು.

"ಮನೆ ಬಿಟ್ಟು ಬಂದಿದ್ದು ನಮ್ಮತ್ತೆ ಸರ್. ಉಳಿದಿದ್ದು ನಾನೇ ಅಂದ್ಕೊಂಡಿದ್ದು."

"ಅಂದ್ಕೊಂಡಿದ್ದೆಲ್ಲ ರಿಸರ್ಚ್ ಆಗಲ್ಲಮ್ಮ. ನಿಮ್ಮತ್ತೆ ಇದಾರಲ್ಲ, ಇಂಟರ್‌ವ್ಯೂ ಮಾಡಿ ಅನುಬಂಧದಲ್ಲಿ ಹಾಕಿ. ಆಗ ಕಥೆಗೂ ಒಂದು ತೂಕ ಬರುತ್ತೆ."

ಕಥೆಯ ತೂಕ ಕಥೆಯ ಹೊರಗಿರುತ್ತದೆ ಎಂದು ಅವತ್ತು ತಿಳಿದುಕೊಂಡೆ. ಭಾನುವಾರ ಮಧ್ಯಾಹ್ನ ಟೆರೇಸಿನ ಮೇಲೆ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿದ್ದ ಅತ್ತೆಯ ಮುಂದೆ ಮೊಬೈಲ್ ಇಟ್ಟೆ.

"ಏನೇ ಇದು, ಟೀವಿಲಿ ಬರುತ್ತಾ?"

"ಇಲ್ಲ ಅತ್ತೆ, ಕಾಲೇಜಿಗೆ. ನಮ್ ಸರ್ ಕೇಳ್ತಾರೆ."

ಬರೀ ದನಿ ರೆಕಾರ್ಡ್ ಆಗುತ್ತದೆ ಎಂದರೂ ಕೇಳದೆ ಅವಳು ಸೆರಗು ಸರಿಮಾಡಿಕೊಂಡಳು. ಗಂಡನ ತಾಯಿ ಅಡುಗೆಮನೆಗೆ ಬೀಗ ಹಾಕುತ್ತಿದ್ದರಂತೆ, ಇವಳಿಗೆ ತಂಗಳನ್ನವಂತೆ. ಹೇಳುತ್ತ ಹೇಳುತ್ತ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಇದನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳಲ್ಲ ಎಂದು ಮರುಗಿದೆ.

ಮುಂದಿನ ಭಾನುವಾರ ಇನ್ನೊಂದೆರಡು ವಿವರ ಕೇಳಲು ಕೂತರೆ ಕಥೆಯೇ ಬದಲಾಗಿತ್ತು. ಗಂಡನ ತಾಯಿ ಬಂಗಾರದಂಥ ಹೆಂಗಸಂತೆ, ಗಂಡನಿಗೆ ಮಾತ್ರ ಕೋಲಾರದಲ್ಲಿ ಇನ್ನೊಂದು ಸಂಸಾರವಿತ್ತಂತೆ.

"ಅತ್ತೆ, ಹೋದ್ವಾರ ಆಯಮ್ಮ ಅಡುಗೆಮನೆಗೆ ಬೀಗ ಹಾಕ್ತಿದ್ರು ಅಂದ್ಯಲ್ಲ?"

"ಹಾಕ್ತಿದ್ರು. ಒಳ್ಳೆಯೋರು ಬೀಗ ಹಾಕ್ಬಾರ್ದಾ?"

ಮೂರನೇ ಸಲ ಹೇಳುವಾಗ ಗಂಡನ ಮನೆಯ ಬಚ್ಚಲಲ್ಲಿ ನಾಗರಹಾವು ಬಂತು. ನಾನು ರೆಕಾರ್ಡಿಂಗ್ ನಿಲ್ಲಿಸಿ, ಇದರಲ್ಲಿ ನಿಜ ಯಾವುದು ಎಂದು ರೇಗಿದೆ.

"ನಿಮ್ ಸರ್‌ಗೆ ಯಾವ್ದು ಬೇಕೋ ಅದು. ನಿಂಗ್ಯಾಕೆ ತಲೆನೋವು?" ಎಂದು ಜಡೆ ಹೆಣೆದುಕೊಂಡು ಎದ್ದುಹೋದಳು.

ನಾನು ಮೂರನ್ನೂ ಇದ್ದದ್ದು ಇದ್ದಂತೆ ಟೈಪ್ ಮಾಡಿ, ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ಮೇಲೆ ಬರೆದೇ ಅನುಬಂಧಕ್ಕೆ ಸೇರಿಸಿದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದೊಬ್ಬರು ಮೇಡಂ ಬಂದಿದ್ದರು. ಅವರು ಕಥೆಯ ಹಾಳೆಗಳನ್ನು ನೋಟು ಎಣಿಸುವಂತೆ ಸರಸರ ಮಗುಚಿ ಅನುಬಂಧದಲ್ಲಿ ನಿಂತರು.

"ಎಷ್ಟು ಅಥೆಂಟಿಕ್ ಆಗಿದೆ! ಗಾಯಗೊಂಡ ನೆನಪು ಹೀಗೇ ಮಾತಾಡೋದು."

"ಮೇಡಂ, ನಮ್ಮತ್ತೆ ಸುಳ್ಳು ಹೇಳ್ತಿದಾಳೆ," ಎಂದೆ.

"ಛೆ, ಹಾಗನ್ಬಾರ್ದು. ಅದು ಅವರ ಸತ್ಯ." ಗೈಡ್ ಕೂಡ ಹೌದೆಂದು ತಲೆಯಾಡಿಸಿದರು. ಮೇಡಂ ಮುಂದುವರಿಸಿದರು: "ಆದ್ರೆ ಕರಿಬೇವು ತರೋಕೆ ಹೋದವಳು ಬಸ್ ಹತ್ತೋದು ನಂಬೋಕೆ ಕಷ್ಟ. ಒಂದು ಕೆಲಸ ಮಾಡಿ. ಸಂದರ್ಶನಾನೇ ಮುಖ್ಯ ಭಾಗ ಮಾಡ್ಕೊಂಡು ಕಥೇನ ಅನುಬಂಧಕ್ಕೆ ಹಾಕ್ಬಿಡಿ."

ಸಂಶೋಧನೆ ಎಂದರೆ ಸತ್ಯ ಹುಡುಕುವುದು ಎಂದುಕೊಂಡಿದ್ದೆ. ನಾಗರಹಾವನ್ನು ನಂಬಿ ಬಸ್ಸನ್ನು ನಂಬದವರ ಹತ್ತಿರ ಏನು ವಾದಿಸುವುದು? ಅವರು ಹೇಳಿದಂತೆಯೇ ಮಾಡಿ ಕೊಟ್ಟೆ. ನನ್ನ ಕಥೆ ಕೊನೆಯ ಪುಟಗಳಲ್ಲಿ ಚಿಕ್ಕ ಅಕ್ಷರಗಳಲ್ಲಿ ಮುದುರಿಕೊಂಡಿತು, ಸಂಶೋಧನೆಗೆ ಮೊದಲ ಬಹುಮಾನ ಬಂತು.

ಬಹುಮಾನದ ದಿನ ಅತ್ತೆಯನ್ನೂ ವೇದಿಕೆಗೆ ಕರೆಸಿ ಶಾಲು ಹೊದಿಸಿದರು. ಎರಡು ಮಾತಾಡಿ ಎಂದದ್ದೇ ತಡ, ಅವಳು ಮೈಕು ಹತ್ತಿರಕ್ಕೆ ಎಳೆದುಕೊಂಡಳು.

"ನಂಗೆ ಓದೋ ಆಸೆ ಸಾರ್. ನಮ್ಮೆಜಮಾನ್ರು ನನ್ ಪುಸ್ತಕ ಎಲ್ಲಾ ಒಲೆಗೆ ಹಾಕ್ಬಿಟ್ರು. ಅದಕ್ಕೇ ಬಂದ್ಬಿಟ್ಟೆ."

ಹೊಟ್ಟೆನೋವೆಂದು ನೆಪ ಹೇಳಿ ಹೇಳಿ ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ಇವಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ಪ್ರಿನ್ಸಿಪಾಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನ್ನ ಗೈಡ್ ಹಿಂದಿನ ಸಾಲಿನಿಂದ ಬಗ್ಗಿ ಪಿಸುಗುಟ್ಟಿದರು: "ಇದು ನಿಮ್ಮ ಪ್ರಾಜೆಕ್ಟಲ್ಲಿ ಇಲ್ವಲ್ಲಮ್ಮ? ಸೇರಿಸ್ಬಿಡಿ."

ನಾನು ಸೇರಿಸಲಿಲ್ಲ. ಅವರೇ ಸೇರಿಸಿಕೊಂಡು ಯಾವುದೋ ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಿದರು. ಎಂ.ಎ. ಮಾಡುವ ಯೋಚನೆಯನ್ನು ಅಲ್ಲಿಗೇ ಬಿಟ್ಟು, ಕಮ್ಮನಹಳ್ಳಿಯ ಆಫೀಸೊಂದರಲ್ಲಿ ಅನುವಾದದ ಕೆಲಸ ಹಿಡಿದೆ. ಬಿಡುವಿನಲ್ಲಿ ಕಥೆ ಬರೆಯುತ್ತೇನೆ. ಈಗ ಯಾರೂ ಆಧಾರ ಕೇಳುವುದಿಲ್ಲ, ಓದುವವರೂ ಕಡಿಮೆಯೇ.

ಅತ್ತೆಗೆ ಮಾತ್ರ ಬಿಡುವಿಲ್ಲ. ಪ್ರತಿ ವರ್ಷ ಆ ಕಾಲೇಜಿನಿಂದ ಯಾರಾದರೂ ಮರ್ಫಿ ಟೌನ್ ಹುಡುಕಿಕೊಂಡು ಬರುತ್ತಾರೆ. ಅವಳು ಬೇಕರಿಯಿಂದ ಪಫ್ ತಂದಿಟ್ಟು, ಟೀ ಕೊಟ್ಟು, ಒಬ್ಬೊಬ್ಬರಿಗೂ ಹೊಸದಾಗಿ ಗಂಡನ ಮನೆ ಬಿಡುತ್ತಾಳೆ. ಎಲ್ಲರಿಗೂ ಒಳ್ಳೆಯ ಅಂಕ ಬರುತ್ತದೆ.

ಮೊನ್ನೆ ಬಂದಿದ್ದ ಹುಡುಗಿ ಹೊರಡುವಾಗ ಬಾಗಿಲಲ್ಲಿ ನಿಂತು, "ಅಕ್ಕ, ನೀವೂ ಏನೋ ಬರೀತೀರಂತೆ?" ಎಂದಳು.

"ಕಥೆ ಬರೀತೀನಿ."

"ಓ, ಬರೀ ಕಥೇನಾ?" ಎಂದು ಮೊಬೈಲ್ ಬ್ಯಾಗಿಗೆ ಹಾಕಿಕೊಂಡಳು. ಬಸ್ ಸ್ಟಾಪಿಗೆ ಯಾವ ಕಡೆ ಹೋಗಬೇಕೆಂದು ಕೇಳಿದಳು. ಕೈ ತೋರಿಸಿದೆ.