ಮೊದಲ ಮಾತಿಗೆ ಒಪ್ಪಿದವಳು

ಮೊನ್ನೆ ನಮ್ಮ ಪಡಸಾಲೆಯ ಗೋಡೆ ಬಿರುಕು ಬಿಟ್ಟಿತು. ಅದನ್ನು ಮುಚ್ಚಲು ಬಂದ ಗೌಂಡಿ ಬುಟ್ಟಿಯೊಂದರಲ್ಲಿ ಬಿಳಿ ಪುಡಿ ಸುರುವಿ, ನೀರು ಬೆರೆಸಿ ಕಲಸತೊಡಗಿದ. ಹಸಿ ಸುಣ್ಣದಂಥ, ತುಸು ಬೆಚ್ಚಗಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಹಾದ ಕಪ್ಪು ಕೆಳಗಿಟ್ಟು ಬಗ್ಗಿ ಅವನ ಕಾಲಬೆರಳು ನೋಡಿದೆ. ಸುಣ್ಣ ಮೆತ್ತಿಕೊಂಡಿದ್ದವು, ಬಾತಿರಲಿಲ್ಲ. ಗೌಂಡಿ ಗಾಬರಿಯಾಗಿ ಕಾಲು ಹಿಂದಕ್ಕೆ ಎಳೆದುಕೊಂಡ. ಪಾಪ, ಅವನಿಗೇನು ಗೊತ್ತು? ಪ್ಲಾಸ್ಟರಿನ ವಾಸನೆ ಬಂದಲ್ಲೆಲ್ಲ ಕಾಲಬೆರಳು ಹುಡುಕುವ ಚಟ ನನಗೆ ಹತ್ತಿದ್ದು ರೋಣದ ಒಂದು ದವಾಖಾನೆಯಲ್ಲಿ, ಈರಪ್ಪಜ್ಜ ಎಂಬ ದನದ ದಲಾಲಿಯ ದೆಸೆಯಿಂದ.

ಪೇಷಂಟ್ ಕೇರ್ ಟೆಕ್ನಿಷಿಯನ್ ಆಗುತ್ತೇನೆಂದು ನಾನು ಹೊರಟಾಗ ನನಗೆ ಮೂವತ್ತನಾಲ್ಕು ವರ್ಷ. ಅಲ್ಲಿಯವರೆಗೆ ನರೇಗಲ್ಲಿನ ನಮ್ಮ ಓಣಿಯ ಅರ್ಧ ಹೆಂಗಸರ ಜಂಪರು ಹೊಲಿದವಳು. ಜೊತೆಗೆ ಕಲಿಯಲು ಬಂದವರೆಲ್ಲ ಹತ್ತೊಂಬತ್ತು ಇಪ್ಪತ್ತರ ಹುಡುಗಿಯರು. ನನ್ನನ್ನು ಮೊದಲ ದಿನ ಯಾರದೋ ತಾಯಿ ಇರಬೇಕೆಂದು ಹೊರಗಿನ ಬೆಂಚಿನ ಮೇಲೆ ಕೂಡಿಸಿದ್ದರು. ರೋಣದ ಅದೇ ದವಾಖಾನೆಯಲ್ಲಿ ಆರು ತಿಂಗಳ ತರಬೇತಿ. ರೋಗಿಯ ಹಾಸಿಗೆ ಹಾಸುವುದು, ಮೈ ಒರೆಸುವುದು, ಮಗ್ಗುಲು ತಿರುಗಿಸುವುದು, ಜ್ವರ, ನಾಡಿ, ಬಿಪಿ ನೋಡಿ ಬರೆದಿಡುವುದು ನಮ್ಮ ಕೆಲಸ. ನಮ್ಮ ಅತ್ತೆ ಆ ಉದ್ದನೆಯ ಹೆಸರನ್ನು ನನ್ನ ಬಾಯಿಂದ ನಾಲ್ಕು ಸಲ ಹೇಳಿಸಿ, ಕೊನೆಗೆ ತಾವೇ ಕತ್ತರಿಸಿ ‘ಅರ್ಧಾ ಡಾಕ್ಟರ್’ ಎಂದು ಮಾಡಿದರು. ಓಣಿಗೆಲ್ಲ ಅದೇ ಹಬ್ಬಿತು. ಉಳಿದ ಅರ್ಧ ಯಾವಾಗ ಎಂದು ಕೇಳುವವರೂ ಇದ್ದರು.

ತರಬೇತಿಯ ಕೋಣೆಯಲ್ಲಿ ಮಂಚದ ಮೇಲೆ ಒಂದು ರಬ್ಬರಿನ ಗೊಂಬೆ ಮಲಗಿರುತ್ತಿತ್ತು. ಮನುಷ್ಯನಷ್ಟೇ ಉದ್ದ, ಬಾಯಿ ಸದಾ ತೆರೆದದ್ದು. ಹುಡುಗಿಯರು ಅದಕ್ಕೆ ‘ಮಾವ’ ಎಂದು ಹೆಸರಿಟ್ಟಿದ್ದರು. ನೀವು ನಗಬೇಡಿ, ಮಾವ ಎಂಬ ಶಬ್ದ ಕಿವಿಗೆ ಬಿದ್ದದ್ದೇ ನನ್ನ ಕೈ ತಾನಾಗಿಯೇ ತಲೆಯ ಮೇಲೆ ಸೆರಗು ಎಳೆದುಕೊಂಡಿತು. ಹದಿನೈದು ವರ್ಷದ ರೂಢಿ ನೋಡಿ. ಒಂದು ಕೈಯಲ್ಲಿ ಸೆರಗು ಹಿಡಿದು ಇನ್ನೊಂದು ಕೈಯಿಂದ ಮಾವನವರ ಮೈ ಒರೆಸಿದವಳು ಆ ದವಾಖಾನೆಯಲ್ಲಿ ನಾನೊಬ್ಬಳೇ ಇರಬೇಕು. ಇಟಗಿಯಿಂದ ಬರುತ್ತಿದ್ದ ರೇಣುಕಾ ಎಂಬ ಹುಡುಗಿ ನಕ್ಕೂ ನಕ್ಕೂ ಬಕೆಟ್ಟು ಒದ್ದು ಕೆಡವಿದಳು.

ಮನೆಯಲ್ಲೂ ನನ್ನ ಕಲಿಕೆ ಸುಸೂತ್ರವಾಗಿರಲಿಲ್ಲ. ಏಳು ಹಂತದಲ್ಲಿ ಕೈ ತೊಳೆಯುವುದನ್ನು ಬಚ್ಚಲಲ್ಲಿ ನಿಂತು ರೂಢಿ ಮಾಡುತ್ತಿದ್ದರೆ ಅತ್ತೆ ನಾಲ್ಕನೆಯ ಹಂತಕ್ಕೇ ಬಂದು ನಳ ಬಂದ್ ಮಾಡುತ್ತಿದ್ದರು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂಬುದು ದವಾಖಾನೆಯವರಿಗೆ ಗೊತ್ತಿಲ್ಲೇನು ಎಂಬುದು ಅವರ ಪ್ರಶ್ನೆ. ಬಸ್ಸಿನಲ್ಲಿ ಪಕ್ಕದವರ ನಾಡಿ ಹಿಡಿದು ಎಣಿಸುತ್ತಿದ್ದೆ. ಒಮ್ಮೆ ಒಬ್ಬ ಹೆಂಗಸು ಒಂದು ನಿಮಿಷ ಉಸಿರು ಬಿಗಿಹಿಡಿದು ಕುಳಿತಿದ್ದು, ಮಗಳ ಲಗ್ನ ಈ ವರ್ಷವೋ ಬರುವ ವರ್ಷವೋ ಅಷ್ಟು ಹೇಳಿಬಿಡಿ ಎಂದು ಕೇಳಿಕೊಂಡಳು. ನಾನು ಎಪ್ಪತ್ತೆಂಟು ಎಂದೆ. ಆಕೆ ರೋಣ ಬರುವವರೆಗೆ ನನ್ನ ಮುಖ ನೋಡಲಿಲ್ಲ.

ಆದರೆ ಎರಡು ವಿಷಯದಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ. ಒಂದು, ಅಕ್ಷರ. ಚಾರ್ಟು ಬರೆದರೆ ಹೆಡ್ ಸಿಸ್ಟರ್ ಅದನ್ನು ಹಿಡಿದು ಹುಡುಗಿಯರಿಗೆ ತೋರಿಸುತ್ತಿದ್ದರು. ಇನ್ನೊಂದು, ಹಾಸಿಗೆ. ಚಾದರದ ಮೂಲೆಯನ್ನು ಲಕೋಟೆಯಂತೆ ಮಡಚಿ ಗಾದಿಯ ಕೆಳಗೆ ಸಿಕ್ಕಿಸುವುದು ಹೊಲಿಗೆಯವಳಿಗೆ ದೊಡ್ಡ ಮಾತೇ? ನಾನು ಹಾಸಿದ ಹಾಸಿಗೆಯಲ್ಲಿ ಒಂದು ಸುಕ್ಕು ಹುಡುಕಿ ಕೊಡಿ ಎಂದು ಸವಾಲು ಹಾಕುವಷ್ಟು ಸೊಕ್ಕು ಬಂದಿತ್ತು. ಈ ಸೊಕ್ಕಿನ ಮಾತು ನೆನಪಿಡಿ, ಮುಂದೆ ನನಗೆ ಬೈಯಲು ಅನುಕೂಲವಾಗುತ್ತದೆ.

ನಾಲ್ಕನೆಯ ತಿಂಗಳಿಗೆ ನಮ್ಮನ್ನು ವಾರ್ಡಿಗೆ ಬಿಟ್ಟರು. ಹೆಡ್ ಸಿಸ್ಟರ್ ಅಂದು ಹೇಳಿದ್ದು ಇಷ್ಟೇ: ನೋವು ಕಣ್ಣಿಗೆ ಕಾಣುವುದಿಲ್ಲ, ಕೇಳಬೇಕು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಾಳಲಾಗದ್ದು. ರೋಗಿ ಎಷ್ಟು ಹೇಳುತ್ತಾನೋ ಅದನ್ನು ಚಾರ್ಟಿನಲ್ಲಿ ಬರೆಯಬೇಕು. ಇಷ್ಟು ಸರಳ ಕೆಲಸ ಯಾರಿಗೆ ಬರುವುದಿಲ್ಲ ಎಂದುಕೊಂಡೆ.

ಆಗ ಬಂದವರು ಈರಪ್ಪಜ್ಜ. ನರಗುಂದದ ಕಡೆಯವರು, ಎಪ್ಪತ್ತರ ಆಸುಪಾಸು, ಜನ್ಮವೆಲ್ಲ ದನದ ಸಂತೆಯಲ್ಲಿ ದಲಾಲಿ ಮಾಡಿದವರು. ಸಂತೆಯಲ್ಲಿ ಹೋರಿಯೊಂದು ಒದ್ದು ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಹೋರಿಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಅಷ್ಟು ತಾಕತ್ತಿನ ಹೋರಿಯ ವ್ಯಾಪಾರ ಅರ್ಧಕ್ಕೆ ಬಿಟ್ಟು ಬರಬೇಕಾಯಿತಲ್ಲ ಎಂಬ ಸಂಕಟ ಮಾತ್ರ ಇತ್ತು. ಸಂಜೆ ಡಾಕ್ಟರು ಕಾಲಿಗೆ ಪ್ಲಾಸ್ಟರು ಹಾಕಿದರು. ಮರುದಿನ ಮುಂಜಾನೆ ಆ ಮಂಚ ನನ್ನ ಪಾಲಿಗೆ ಬಂತು. ತಾಸಿಗೊಮ್ಮೆ ನೋವು ಕೇಳು, ಕಾಲಬೆರಳು ನೋಡು, ಪ್ಲಾಸ್ಟರಿನ ಒಳಗೆ ಕಾಲು ಬಾತರೆ ರಕ್ತ ನಿಂತುಹೋಗುತ್ತದೆ, ಕಾಲೇ ಹೋದೀತು ಎಂದು ಸಿಸ್ಟರ್ ಎಚ್ಚರಿಸಿ ಹೋದರು.

ಒಂಬತ್ತು ಗಂಟೆಗೆ ಕೇಳಿದೆ. ಅಜ್ಜ ಮೇಲೆ ತಿರುಗುವ ಫ್ಯಾನು ನೋಡಿದರು, ನನ್ನನ್ನು ನೋಡಿದರು, ಯಾರಿಗೋ ಉಪಕಾರ ಮಾಡುವವರಂತೆ ‘ಎರಡು’ ಎಂದರು. ಬರೆದೆ. ಹತ್ತಕ್ಕೂ ಎರಡು, ಹನ್ನೊಂದಕ್ಕೂ ಎರಡು. ಮೂರೂ ಎರಡುಗಳು ಒಂದರ ಕೆಳಗೊಂದು ಎಷ್ಟು ಚೆಂದ ಕುಳಿತಿದ್ದವೆಂದರೆ ನನಗೇ ದೃಷ್ಟಿ ತೆಗೆಯಬೇಕೆನಿಸಿತು. ಇನ್ನು ಕಾಲಬೆರಳು. ಅದನ್ನು ನೋಡಬೇಕೆಂದರೆ ನಾನು ಮುಂಜಾನೆ ಅಷ್ಟು ನಾಜೂಕಾಗಿ ಮಡಚಿ ಸಿಕ್ಕಿಸಿದ ಚಾದರದ ಮೂಲೆ ಬಿಚ್ಚಬೇಕು. ಡಾಕ್ಟರು ರೌಂಡಿಗೆ ಬರುವ ಹೊತ್ತು. ಎರಡೇ ನೋವು ಇರುವವರ ಬೆರಳಿಗೆ ಏನಾಗಿರುತ್ತದೆ ಎಂದು ಬಿಟ್ಟೆ. ಬೈಯುವುದಿದ್ದರೆ ಈಗ ಬೈಯಿರಿ.

ಹನ್ನೊಂದೂವರೆಗೆ ರೇಣುಕಾ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು: “ಅಕ್ಕಾರ, ಅಜ್ಜಾರು ಎರಡು ಅಂತಾರ, ಅವರ ಹಣಿ ಮ್ಯಾಲಿನ ಬೆವರು ನೋಡಿದ್ರ ಒಂಬತ್ತು ಅಂತೈತಿ ನೋಡ್ರಿ.”

ಹೋಗಿ ನೋಡಿದೆ. ಅಜ್ಜನ ಮುಖ ಸೀದಾ ಇತ್ತು. ಆದರೆ ಒಂದು ಕೈ ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದಿತ್ತು. ಮತ್ತೆ ಕೇಳಿದೆ. ಮತ್ತೆ ಎರಡೇ. ಮಂಚದ ತಲೆದಿಂಬಿನ ಕಡೆ ಅವರ ಟವೆಲ್ಲು ತೂಗುಹಾಕಿತ್ತು. ಅದನ್ನು ನೋಡಿದಾಗ ನನಗೆ ನಮ್ಮಪ್ಪ ನೆನಪಾದ. ನಾನು ಸಣ್ಣವಳಿದ್ದಾಗ ಎತ್ತು ಕೊಳ್ಳಲು ಹೋಗುವಾಗ ನನ್ನನ್ನೂ ಸಂತೆಗೆ ಕರೆದೊಯ್ಯುತ್ತಿದ್ದ. ಅಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರೂ ಕೈ ಕೂಡಿಸಿ ಮೇಲೆ ಟವೆಲ್ಲು ಮುಚ್ಚುತ್ತಾರೆ. ಒಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿಯುತ್ತಾರೆ. ಹಿಡಿದ ಬೆರಳು ಎಷ್ಟೋ ಅಷ್ಟು. ಸುತ್ತ ನಿಂತವರ ಮುಂದೆ ಬಾಯಲ್ಲಿ ಏನೇನೋ ಅಂದರೂ ಖರೇ ಲೆಕ್ಕ ನಡೆಯುವುದು ಆ ಬಟ್ಟೆಯ ಕೆಳಗೆ. ನಾನೂ ಕೈ ಹಾಕುತ್ತೇನೆಂದು ಹಟ ಮಾಡಿದರೆ, ಹೆಣ್ಣುಮಕ್ಕಳು ಹಾಕಬಾರದು ಎಂದು ಅಪ್ಪ ನನ್ನ ಕೈಗೆ ಚುರುಮುರಿಯ ಪೊಟ್ಟಣ ಕೊಡುತ್ತಿದ್ದ.

ಟವೆಲ್ಲು ತೆಗೆದು ಅಜ್ಜನ ಕೈ ಮೇಲೆ ಹೊದಿಸಿ, ಅದರ ಕೆಳಗೆ ನನ್ನ ಕೈ ತೂರಿಸಿದೆ. ಎದುರಿನ ಮಂಚದವನ ಜೊತೆಗೆ ಬಂದಿದ್ದ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಂಜಾನೆ ನಾನು ಅದೇ ಅಜ್ಜನ ಮೈ ಒರೆಸಿದಾಗ ಯಾರಿಗೂ ಏನೂ ಅನಿಸಿರಲಿಲ್ಲ. ಈಗ ಮಾತ್ರ ಇಡೀ ವಾರ್ಡು ಉಸಿರು ಬಿಡದೆ ನೋಡುತ್ತಿತ್ತು.

“ಈಗ ಹೇಳ್ರಿ ಅಜ್ಜಾರ,” ಎಂದೆ.

ಅಜ್ಜ ನನ್ನನ್ನು ಮೊದಲ ಸಲ ಮನುಷ್ಯರನ್ನು ನೋಡುವಂತೆ ನೋಡಿದರು. ಆಮೇಲೆ ಟವೆಲ್ಲಿನ ಕೆಳಗೆ ಅವರ ಒರಟು ಕೈ ನನ್ನ ಐದೂ ಬೆರಳು ಒಟ್ಟಿಗೆ ಹಿಡಿಯಿತು. ಬಿಟ್ಟಿತು. ಮತ್ತೆ ನಾಲ್ಕು ಬೆರಳು ಹಿಡಿಯಿತು.

ನನ್ನ ಲಕೋಟೆ ಮೂಲೆಯನ್ನು ಕಿತ್ತೆಳೆದೆ. ಬೆರಳುಗಳು ಬಾತು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು, ಮುಟ್ಟಿದರೆ ತಣ್ಣಗಿದ್ದವು. ಎಷ್ಟು ಓಡಿದೆನೋ ನನಗೆ ಗೊತ್ತಿಲ್ಲ. ಒಂದು ಚಪ್ಪಲಿ ವಾರ್ಡಿನಲ್ಲೇ ಉಳಿದಿತ್ತು. ಡಾಕ್ಟರು ಬಂದು ಗರಗಸದ ಯಂತ್ರದಿಂದ ಪ್ಲಾಸ್ಟರು ಸೀಳಿದರು, ಅಜ್ಜನ ಕಾಲಿನ ಬಣ್ಣ ಮೆಲ್ಲಗೆ ಮರಳುವವರೆಗೆ ಅಲ್ಲೇ ನಿಂತರು. ಇನ್ನು ನಾಲ್ಕು ತಾಸು ತಡವಾಗಿದ್ದರೆ ಕಾಲು ಉಳಿಯುತ್ತಿರಲಿಲ್ಲ ಎಂದರು. ಹೆಡ್ ಸಿಸ್ಟರ್ ನನ್ನ ಚಾರ್ಟು ತೆಗೆದು ಮೂರೂ ಎರಡುಗಳನ್ನು ಬಹಳ ಹೊತ್ತು ನೋಡಿ, ಅಕ್ಷರ ಚಲೋ ಅದಾವ ಎಂದು ಮಾತ್ರ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ದಿನ ನನಗೆ ಆದಷ್ಟು ನಾಚಿಕೆ ನನ್ನ ಜನ್ಮದಲ್ಲಿ ಎಂದೂ ಆಗಿಲ್ಲ. ಒಂದು ಚಾದರದ ಮೂಲೆಗಾಗಿ ಒಬ್ಬರ ಕಾಲು ಕಳೆಯಲು ಹೊರಟಿದ್ದೆ.

ತಪ್ಪಾಯಿತೆಂದು ಹೇಳಲು ಹೋದರೆ ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿದರು. ಎರಡು ದಿನ ಮಾತೇ ಇಲ್ಲ. ಮೈ ಒರೆಸುವಾಗ ಕೈ ಎತ್ತಿ ಎಂದರೆ ಎತ್ತುತ್ತಿದ್ದರು, ಅಷ್ಟೇ. ಮೂರನೆಯ ದಿನ ತಾವಾಗಿಯೇ ಬಾಯಿಬಿಟ್ಟರು. ಸಿಟ್ಟು ನಾನಂದುಕೊಂಡ ಕಾರಣಕ್ಕಾಗಿ ಇರಲೇ ಇಲ್ಲ.

“ಟವೆಲ್ಲಿನ ಕೆಳಗಿನ ಮಾತು ನಾ ಐವತ್ತು ವರ್ಷದಾಗ ಒಬ್ಬರ ಮುಂದ ಹೇಳಿಲ್ಲ. ನೀ ಒಂಬತ್ತು, ಒಂಬತ್ತು ಅಂತ ಇಡೀ ದವಾಖಾನಿಗೆ ಸಾರಿಕೋತ ಓಡಿದಿ,” ಎಂದರು.

ಹೇಳದಿದ್ದರೆ ಕಾಲು ಹೋಗುತ್ತಿತ್ತಲ್ಲ ಎಂದೆ. ಅದು ಖರೇ ಎಂದು ಒಪ್ಪಿಕೊಂಡರು. ಹಾಗಾದರೆ ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಕೇಳಿದ್ದಕ್ಕೆ, ಇಂಥ ದಡ್ಡಿಯೊಬ್ಬಳು ತನ್ನ ಪಾಲಿಗೇ ಬರಬೇಕೇ ಎನ್ನುವಂತೆ ನಿಟ್ಟುಸಿರು ಬಿಟ್ಟರು.

“ತಂಗಿ, ನಾ ಎರಡು ಅಂದೆ, ನೀ ಬರಕೊಂಡು ಹೋದಿ. ಮೊದಲ್ನೇ ಮಾತಿಗೆ ಯಾರರ ಒಪ್ತಾರೇನು? ನೀ ಹತ್ತು ಅನ್ನಬೇಕಿತ್ತು, ನಾ ಮೂರು ಅಂತಿದ್ನಿ, ನೀ ಬಿಡಬಾರದಿತ್ತು. ಹಿಂಗ ಹಗ್ಗಾ ಎಳಕೋತ ಎಂಟಕ್ಕರ ಬಂದು ನಿಂದರ್ತಿದ್ವಿ. ನಿನಗ ಕೇಳಾಕ ಬರಂಗಿಲ್ಲ.”

ಮುಂದೆ ಅಜ್ಜ ಇದ್ದ ಒಂದು ವಾರ ನಮ್ಮ ಚೌಕಾಶಿ ನೋಡಲು ಪಕ್ಕದ ವಾರ್ಡಿನವರೂ ಬರುತ್ತಿದ್ದರು. ಅಜ್ಜ ಒಂದು ಎನ್ನುವರು, ನಾನು ಆರು ಎನ್ನುವೆ. ಅವರು ಎದ್ದುಹೋಗುವವರಂತೆ ನಟಿಸುವರು, ಹೋಗಲು ಕಾಲೆಲ್ಲಿದೆ? ಕೊನೆಗೆ ಮೂರಕ್ಕೆ ಇತ್ಯರ್ಥವಾಗಿ, ನಾನು ಚಾದರ ಸರಿಸಿ ಬೆರಳು ನೋಡಿ, ಮೂರು ಎಂದು ಬರೆಯುತ್ತಿದ್ದೆ. ಅಕ್ಷರ ಅಷ್ಟೇನೂ ಚೆಂದ ಬರುತ್ತಿರಲಿಲ್ಲ.

ಪರೀಕ್ಷೆ ಪಾಸಾಯಿತು, ಕೆಲಸವೂ ಸಿಕ್ಕಿತು. ಈಗ ಗಜೇಂದ್ರಗಡದ ದವಾಖಾನೆಯೊಂದರಲ್ಲಿ ಎರಡನೆಯ ಪಾಳಿ ನನ್ನದು. ವಾರ್ಡಿನಲ್ಲಿ ನಾನು ಯಾರ ಮೊದಲ ಮಾತಿಗೂ ಒಪ್ಪುವುದಿಲ್ಲ. ಮಗನ ಮುಂದೆ ಒಂದು ಎನ್ನುವ ತಂದೆಯಂದಿರು, ಸೊಸೆ ಬಂದದ್ದೇ ಹತ್ತಕ್ಕೇರುವ ಅತ್ತೆಯಂದಿರು, ಎಲ್ಲರನ್ನೂ ಹಗ್ಗ ಎಳೆದೇ ನಿಲ್ಲಿಸುತ್ತೇನೆ. ಹೊಸದಾಗಿ ಕಲಿಯಲು ಬಂದ ಹುಡುಗಿಯರಿಗೆ ಈರಪ್ಪಜ್ಜನ ಕಥೆ ಹೇಳಿ ದೊಡ್ಡ ಗುರುವಿನಂತೆ ಮೆರೆಯುತ್ತೇನೆ. ನಮ್ಮ ಅತ್ತೆ ಅದನ್ನು ಓಣಿಯಲ್ಲಿ ಇನ್ನೂ ಬೆಳೆಸಿ ಹೇಳುತ್ತಾರೆ. ಅವರ ಕಥೆಯಲ್ಲಿ ಪ್ಲಾಸ್ಟರು ಸೀಳಿದವಳೂ ನಾನೇ.

ಗೌಂಡಿ ಗೋಡೆ ಮುಗಿಸಿ ಹೋದ ಮೇಲೆ ಕೆಳಗೆ ಬಿದ್ದ ಪುಡಿ ಗುಡಿಸಲು ಅತ್ತೆ ಬಂದರು. ಕಸಬರಿಗೆ ಹಿಡಿದು ಬಗ್ಗುವ ಮೊದಲು ಒಂದು ಕೈ ಕಿಟಕಿಯ ಚೌಕಟ್ಟಿಗೆ ಹೋಯಿತು. ಏಳುವಾಗಲೂ ಅದೇ. ನಾನು ದಿನಾ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಮೊಣಕಾಲು ಹೇಗಿದೆ ಎಂದು ಅವರನ್ನು ಕೇಳುತ್ತೇನೆ. ಏನಿಲ್ಲ, ಚಲೋ ಅದಾವ ಎನ್ನುತ್ತಾರೆ. ಸರಿ ಎಂದು ನಾನು ಬಸ್ಸಿಗೆ ಓಡುತ್ತೇನೆ. ಎಷ್ಟು ವರ್ಷದಿಂದ ಹೀಗೆ ಓಡಿದ್ದೇನೆಂದು ಎಣಿಸಲು ಧೈರ್ಯವಾಗಲಿಲ್ಲ.

ಅತ್ತೆಯ ಕೈಯಿಂದ ಕಸಬರಿಗೆ ಇಸಿದುಕೊಂಡು ಅವರನ್ನು ಹೊಸ್ತಿಲ ಮೇಲೆ ಕೂಡಿಸಿ, ನಾನೂ ಪಕ್ಕದಲ್ಲಿ ಕುಳಿತೆ.

“ಅತ್ತೀ, ನಾ ಎಂಟು ಅಂತೀನಿ. ನೀವೇನಂತೀರಿ?”

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಸೀರೆ ತುಸು ಮೇಲೆತ್ತಿ ಎರಡೂ ಮೊಣಕಾಲು ತೋರಿಸಿದರು.

“ಎಂಟು ಕಡಿಮಿ ಆತವ್ವಾ,” ಎಂದರು.

ಆ ದಿನದ ಬಸ್ಸು ನಾನು ಬಿಟ್ಟೆ.