ವನಜಕ್ಕನ ಗಸಿಗೆ ಏನಾಯಿತು?

ವನಜಕ್ಕನ ಕೈ ಹೋಯಿತಂತೆ.

ದಸರೆಯಿಂದೀಚೆಗೆ ಪುಣೆಯ ಕನ್ನಡಿಗರು ಎದುರಾದಲ್ಲೆಲ್ಲ ಇದೇ ಸುದ್ದಿ. ಸಂಘದ ಸಭೆಯಲ್ಲಿ, ಮಂಡಯಿಯಲ್ಲಿ ಸೊಪ್ಪು ಆರಿಸುವಾಗ, ಹಡಪಸರದ ಬಸ್ಸಿಗೆ ಕಾಯುವಾಗ. ಇಷ್ಟು ವರ್ಷ ಹುಳಿ ಖಾರದ ಮೀನು ಗಸಿ ಮಾಡಿದ ಹೆಂಗಸು ದೊಡ್ಡ ಜನರನ್ನೂ ವೈನ್ ಬಾಟಲಿಗಳನ್ನೂ ಕಂಡು ಗಾಬರಿಯಾಗಿ ಗಸಿಗೆ ಬೆಲ್ಲ ಹಾಕಿಬಿಟ್ಟರಂತೆ. ಪಾಯಸಕ್ಕೆ ಹಾಕುವುದನ್ನು ಮರೆತರಂತೆ. ವಯಸ್ಸಾಯಿತಲ್ಲ, ಪಾಪ.

ಗಸಿ ಸಿಹಿಯಾಗಿತ್ತು. ಅದು ನಿಜ. ಉಳಿದದ್ದಕ್ಕೆಲ್ಲ ನನ್ನ ತಕರಾರಿದೆ.

ಕಾಲೇಜಿನಲ್ಲಿ ಡಿಬೇಟ್ ಮಾಡಿ ಕೆಟ್ಟವರಿಗೆ ಒಂದು ಚಾಳಿ ಅಂಟಿರುತ್ತದೆ. ಯಾರು ಏನು ಹೇಳಿದರೂ ಮೊದಲು ಸಾಕ್ಷಿ ಕೇಳುತ್ತೇವೆ. (ಇದರಿಂದ ಸ್ನೇಹಿತರ ಸಂಖ್ಯೆ ಹಿಡಿತದಲ್ಲಿರುತ್ತದೆ.) ಹಾಗಾಗಿ ಈ ಸುದ್ದಿಯನ್ನು ಎಲ್ಲರಿಗಿಂತ ಗಟ್ಟಿ ದನಿಯಲ್ಲಿ ಹೇಳುತ್ತಿದ್ದ ಅಣ್ಣಪ್ಪ ಕಾಕಾನನ್ನೇ ಹಿಡಿದೆ. ಕಾಕಾ ಮೂಲತಃ ಹುಬ್ಬಳ್ಳಿ ಕಡೆಯವರು, ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ.

"ಆಕಿ ಕೈ ಹೋತು ನೋಡವಾ. ಮೀನದಾಗ ಬೆಲ್ಲ ಅಂದ್ರ ಏನ್ ಮಾತು ಅದು? ನಾ ಬೆಲ್ಲಾ ಮಾರಾಂವ, ನನಗs ಹೇಸಿಕಿ ಬಂತು."

"ನೀವು ತಿಂದ್ರೇನ್ರಿ ಕಾಕಾ?"

"ನಾ ಎಲ್ಲಿ ತಿನ್ನಲಿ? ನವರಾತ್ರಿ ಇತ್ತಲ್ಲ. ಬಾಜೂ ಟೇಬಲ್ಲಿಗೆ ಕುಂತಾಂವ ಮಾರಿ ಕಿವುಚಿದ್ದು ನೋಡೇನಿ."

ಮುಖ್ಯ ಸಾಕ್ಷಿ ಗಸಿಯನ್ನು ತಿಂದೇ ಇಲ್ಲ. ಮುಂದೆ ಹೋಗೋಣ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ವನಜಕ್ಕ ಮತ್ತು ಅವರ ಯಜಮಾನರು ಶೆಟ್ರು ಉಡುಪಿ ಕಡೆಯಿಂದ ಬಂದವರು. ಕರ್ವೆ ರೋಡಿನ ಗಲ್ಲಿಯೊಂದರಲ್ಲಿ ಅವರ ಹೋಟೆಲ್. ಕೆಳಗೆ ಊಟ ಮತ್ತು ಬಿಯರು, ಮೇಲೆ ಅವರ ಮನೆ. ಶೆಟ್ರು ಗಲ್ಲಾದಲ್ಲಿ, ವನಜಕ್ಕ ಅಡುಗೆಮನೆಯಲ್ಲಿ. ನನ್ನಂಥ ಒಂಟಿ ನೌಕರಿಯವರಿಗೆ ವಾರದಲ್ಲಿ ನಾಲ್ಕು ದಿನದ ಊಟ ಅಲ್ಲೇ. (ಹೆಸರುಗಳನ್ನು ಬದಲಿಸಿದ್ದೇನೆ. ಗಸಿಯನ್ನು ಬದಲಿಸಿಲ್ಲ.)

ಹಡಪಸರದಲ್ಲಿ ಐಟಿ ಕಚೇರಿಗಳು ಎದ್ದ ಮೇಲೆ ಅಲ್ಲೊಂದು ಬ್ರಾಂಚ್ ತೆರೆಯುವ ಯೋಚನೆ ಶೆಟ್ರಿಗೆ ಬಂತು. ಅದರ ಅಡುಗೆಮನೆ ಪೂರ್ತಿ ವನಜಕ್ಕನ ಸುಪರ್ದಿಗೆ ಎಂದು ತೀರ್ಮಾನವೂ ಆಯಿತು. ಕರ್ವೆ ರೋಡಿನ ಅಡುಗೆಮನೆ ಯಾರೋ ಕಟ್ಟಿಸಿ ಬಿಟ್ಟುಹೋದದ್ದು. ಗಾಳಿಯಿಲ್ಲ, ಬೆಳಕಿಲ್ಲ, ಸಿಂಕ್ ಮೊಣಕಾಲಿನ ಎತ್ತರಕ್ಕಿದೆ. ಹಡಪಸರದ್ದನ್ನು ತಮ್ಮ ಅಳತೆಗೆ ಕಟ್ಟಿಸಿಕೊಳ್ಳಬಹುದು. ವನಜಕ್ಕ ಹೋಗಿ ನೋಡಿಬಂದರು. ಗ್ರೈಂಡರ್ ಎಲ್ಲಿ, ಕಿಟಕಿ ಎಲ್ಲಿ ಎಂದು ಮೇಸ್ತ್ರಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿ ಬಂದರು. ಒಂದು ತಿಂಗಳು ಅವರ ಬಾಯಲ್ಲಿ ಆ ಕಿಟಕಿಯದೇ ಮಾತು.

ಇಷ್ಟರಲ್ಲಿ ವೈನ್ ಬಂತು.

ಈಗೀಗ ಪುಣೆಯಲ್ಲಿ ಸ್ವಲ್ಪ ಹೆಸರಿರುವ ಹೋಟೆಲೆಂದರೆ ಅಕ್ಟೋಬರಿನಲ್ಲಿ ಒಂದು 'ಆಟಮ್ ಫುಡ್ ಅಂಡ್ ವೈನ್ ಈವ್ನಿಂಗ್' ನಡೆಸಲೇಬೇಕು. ಕೋರೆಗಾಂವ್ ಪಾರ್ಕಿನಲ್ಲಿ ಶುರುವಾದ ರೋಗ ಈಗ ನದಿ ದಾಟಿದೆ. ಬ್ಯಾನರಿನ ತುಂಬ ಪರದೇಶದ ಶರತ್ಕಾಲದ ಕೆಂಪು ಮೇಪಲ್ ಎಲೆಗಳು. ಪುಣೆಯಲ್ಲಿ ಅಕ್ಟೋಬರ್ ಎಂದರೆ ಎರಡನೇ ಬೇಸಿಗೆ ಎಂದು ಮೇಪಲ್ ಎಲೆಗೆ ಯಾರು ಹೇಳಬೇಕು? ಉದುರುವುದಿದ್ದರೆ ಇಲ್ಲಿ ಬೆವರು ಮಾತ್ರ.

"ನಿಮಗ್ಯಾಕೆ ಶೆಟ್ರೇ ಇದೆಲ್ಲ?" ಎಂದು ಕೇಳಿದ್ದೆ.

"ಬಿಯರಿಗೆ ಗಂಡಸರು ಮಾತ್ರ ಬರ್ತಾರೆ ಮಾರಾಯ್ತಿ. ವೈನ್ ಅಂದ್ರೆ ಡೀಸೆಂಟ್. ಫ್ಯಾಮಿಲಿ ಸಮೇತ ಬರ್ತಾರೆ. ಹಡಪಸರಕ್ಕೆ ಅದೇ ಜನ ಬೇಕಲ್ವಾ?"

ಒಂದೇ ದ್ರವ್ಯ. ಬಾರ್ಲಿಯಿಂದ ಮಾಡಿದರೆ ದುಶ್ಚಟ, ದ್ರಾಕ್ಷಿಯಿಂದ ಮಾಡಿದರೆ ಕುಟುಂಬ. ವಾದಿಸಬಹುದಿತ್ತು. ಊಟ ಬಂದಿತ್ತು, ಬಿಟ್ಟೆ.

ದಿನಾಂಕವನ್ನು ವೈನ್ ಕಂಪನಿಯೇ ಗೊತ್ತುಮಾಡಿತು. ಅವರ ಬಳಿ ಖಾಲಿ ಉಳಿದದ್ದು ಒಂದೇ ಶುಕ್ರವಾರ. ಶೆಟ್ರು ಫೋನಿನಲ್ಲೇ ಹೂಂ ಎಂದರು. ಅದು ನವರಾತ್ರಿಯ ನಡುವಿನ ಶುಕ್ರವಾರ ಎಂಬುದು ಗೊತ್ತಾಗುವ ಹೊತ್ತಿಗೆ ಕಾರ್ಡು ಹಂಚಿಯಾಗಿತ್ತು.

ಶೆಟ್ರ ಮನೆಯಲ್ಲಿ ನವರಾತ್ರಿಯ ಅಷ್ಟೂ ದಿನ ಮೀನು ಮಾಂಸ ತಿನ್ನುವುದಿಲ್ಲ. ಬೇಯಿಸುತ್ತಾರೆ, ಹೋಟೆಲ್ ನಡೆಯಬೇಕಲ್ಲ. ಆದರೆ ನಾಲಿಗೆಗೆ ತಾಗಿಸುವುದಿಲ್ಲ. ಕಿಚನ್ನಿನ ಕೆಲಸದವರೂ ಊರ ಕಡೆಯವರೇ, ಅವರದೂ ಅದೇ ವ್ರತ. ಅಂದರೆ ಪ್ರತಿ ವರ್ಷ ಆ ದಿನಗಳಲ್ಲಿ ಆ ಅಡುಗೆಮನೆಯಿಂದ ಹೊರಬರುವ ಗಸಿಯನ್ನು ಯಾರೂ ರುಚಿ ನೋಡಿರುವುದಿಲ್ಲ. ವನಜಕ್ಕ ಕುದಿಯುವ ಪಾತ್ರೆಯ ಮೇಲೆ ಬಾಗಿ ವಾಸನೆ ನೋಡುತ್ತಾರೆ, ಉಪ್ಪು ಹಾಕುತ್ತಾರೆ, ಮುಗಿಯಿತು. ಇಷ್ಟು ವರ್ಷದಲ್ಲಿ ಒಂದು ದೂರೂ ಬಂದದ್ದಿಲ್ಲ. ಈ ವರ್ಷವೇ ಕೈ ಹೋಯಿತೇ? ಅದೂ ಆ ಶುಕ್ರವಾರವೇ?

ಆ ಸಂಜೆ ನಾನು ಅಲ್ಲಿದ್ದೆ. ಡಿಬೇಟಿನವಳು ಎಂಬ ಕಾರಣಕ್ಕೆ ಶೆಟ್ರು ನನ್ನ ಕೈಗೆ ಮೈಕ್ ಕೊಟ್ಟಿದ್ದರು. ಯಾವ ಪದಾರ್ಥ ಬರುತ್ತಿದೆ, ಅದಕ್ಕೆ ಯಾವ ವೈನ್ ಎಂದು ಹೇಳುವುದು ನನ್ನ ಕೆಲಸ. ಬಂದವರಲ್ಲಿ ಅರ್ಧ ಜನ ಉಪವಾಸದವರು. ಸಾಬೂದಾಣೆ ಖಿಚಡಿಯ ಪ್ರತ್ಯೇಕ ಟೇಬಲ್ ಹಾಕಿಸಬೇಕಾಯಿತು. ಆ ಟೇಬಲ್ಲಿನಿಂದ ಅಣ್ಣಪ್ಪ ಕಾಕಾ ನನ್ನನ್ನು ಸನ್ನೆ ಮಾಡಿ ಕರೆದರು.

"ದ್ರಾಕ್ಷಿ ಹಣ್ಣು ಹೌದಲ್ಲೋ?"

"ಹೌದ್ರಿ."

"ಹಣ್ಣು ಉಪಾಸಕ್ಕ ನಡೀತದ ಹೌದಲ್ಲೋ?"

"ನಡೀತದ್ರಿ."

"ಮತ್ತ ಗ್ಲಾಸಿಗೆ ಹಾಕಂತ ಹೇಳು, ಬಾಟ್ಲಿ ಹಿಡಕೊಂಡು ಯಾಕ ನಿಂತಾನ ಅಂವ?"

ಡಿಬೇಟ್ ಕಲಿತವಳು ನಾನು, ಗೆದ್ದವರು ಕಾಕಾ.

ವೈನ್ ಕಂಪನಿ ಮುಂಬೈಯಿಂದ ಒಬ್ಬ ಎಕ್ಸ್‌ಪರ್ಟನ್ನು ಕಳಿಸಿತ್ತು. ಆ ಸೆಖೆಯಲ್ಲೂ ಕೋಟು. ಮನುಷ್ಯ ಒಳ್ಳೆಯವನು, ಅವನ ಮೇಲೆ ನನ್ನ ದೂರಿಲ್ಲ. ಅತಿಥಿಗಳು ಬರುವ ಮೊದಲು ಗಸಿಯನ್ನು ಚಮಚದಲ್ಲಿ ತೆಗೆದುಕೊಂಡು ರುಚಿ ನೋಡಿದ. ಅಂಜಲ್ ಮೀನಿನ ಗಸಿ. (ಪುಣೆಯವರು ಸುರಮಯಿ ಎನ್ನುವ ಮೀನು.) ಕಣ್ಣುಮುಚ್ಚಿ ಇನ್ನೊಂದು ಚಮಚ ತೆಗೆದುಕೊಂಡ. ತುಂಬಾ ಚೆನ್ನಾಗಿದೆ, ಆದರೆ ಇಷ್ಟು ಹುಳಿ ಖಾರದ ಮುಂದೆ ನನ್ನ ವೈನ್ ನೀರಾಗುತ್ತದೆ, ಸ್ವಲ್ಪ ಮೈಲ್ಡ್ ಆದರೆ ಒಳ್ಳೆಯದು ಎಂದು ಶೆಟ್ರಿಗೆ ಹಿಂದಿಯಲ್ಲಿ ಹೇಳಿದ. ಅವನು ಹೇಳಿದ್ದು ಸರಿಯೇ. ವೈನ್ ಮಾರುವವನು ವೈನಿನ ಪರ ಮಾತಾಡದೆ ಹುಣಸೆಯ ಪರ ಮಾತಾಡುತ್ತಾನೆಯೇ?

ಮೊದಲ ಎರಡು ಐಟಂ ಮುಗಿದಿದ್ದವು. ಗಸಿ ಸಿದ್ಧವೇ ಎಂದು ಕೇಳಲು ಒಳಗೆ ಹೋದೆ. ವನಜಕ್ಕ ಇರಲಿಲ್ಲ, ದೇವರಿಗೆ ದೀಪ ಹಚ್ಚಲು ಮೇಲೆ ಹೋಗಿದ್ದರು. ಒಲೆಯ ಮುಂದೆ ಶೆಟ್ರು. ಬಿಳಿ ಅಂಗಿಯ ತೋಳು ಮಡಚಿ, ಸ್ಟೀಲಿನ ತಪ್ಪಲೆಯಿಂದ ಗಸಿಗೆ ತೆಂಗಿನಹಾಲು ಸುರಿಯುತ್ತಿದ್ದರು. ಧಾರಾಳವಾಗಿ.

"ಎಂತ ಇದು?"

"ತೆಂಗಿನಹಾಲು. ಮೈಲ್ಡ್ ಆಗ್ಬೇಕಂತೆ."

"ವನಜಕ್ಕನಿಗೆ ಹೇಳಿದ್ರಾ?"

"ದೀಪ ಇಡ್ಲಿಕ್ಕೆ ಹೋಗಿದ್ದಾಳೆ. ಈಗ ಹೇಳಿದ್ರೆ ಒಪ್ಪುದಿಲ್ಲ. ಮತ್ತೆ ಹೇಳ್ತೇನೆ. ನೀನು ಹೋಗು, ಅನೌನ್ಸ್ ಮಾಡು."

ಶೆಟ್ರು ರುಚಿ ನೋಡಲಿಲ್ಲ, ನೋಡುವ ಹಾಗಿರಲಿಲ್ಲ. ವ್ರತ.

ನಾನು ಹೋಗಿ ಕಾರ್ಡಿನಲ್ಲಿ ಇದ್ದದ್ದನ್ನು ಓದಿದೆ: 'ವನಜಕ್ಕನ ಅಂಜಲ್ ಗಸಿ'.

ಹೆಸರಿನ ವಿಷಯ ಇಲ್ಲೇ ಹೇಳಬೇಕು. ಇಷ್ಟು ವರ್ಷ ಅದು 'ಶೆಟ್ರ ಹೋಟೆಲಿನ ಗಸಿ'. ಭೋಸರಿಯ ಫ್ಯಾಕ್ಟರಿಗಳಿಂದ ಶಿಫ್ಟ್ ಮುಗಿಸಿ ಬರುವವರು ಕೇಳುತ್ತಿದ್ದದ್ದು ಶೆಟ್ರ ಗಸಿ, ಬಾರಾಮತಿಯ ಮದುವೆಗೆ ಡಬ್ಬಿಯಲ್ಲಿ ಹೋದದ್ದು ಶೆಟ್ರ ಗಸಿ. ಮನೆಯವರ ಹೆಸರು ಹಾಕಿದರೆ ಅಥೆಂಟಿಕ್ ಅನ್ನಿಸುತ್ತದೆ ಎಂದು ವೈನ್ ಕಂಪನಿ ಹೇಳಿದ್ದರಿಂದ ಅವತ್ತು ಮೊದಲ ಸಲ ಕಾರ್ಡಿನ ಮೇಲೆ ವನಜಕ್ಕ ಬಂದರು. ಚೆನ್ನಾಗಿದ್ದಾಗೆಲ್ಲ ಶೆಟ್ರದ್ದು, ಕೆಟ್ಟ ದಿನ ವನಜಕ್ಕನದ್ದು. ಇದನ್ನು ಯಾರೂ ಯೋಜಿಸಿ ಮಾಡಿದ್ದಲ್ಲ. ಯೋಜಿಸಿದ್ದರೆ ಇಷ್ಟು ಅಚ್ಚುಕಟ್ಟಾಗಿ ಆಗುತ್ತಿರಲಿಲ್ಲ.

ನನಗೆ ವ್ರತವಿಲ್ಲ, ತಿಂದೆ. ಮೊದಲ ತುತ್ತಿಗೆ ಏಲಕ್ಕಿ. ಎರಡನೆಯದಕ್ಕೆ ಬೆಲ್ಲ. ಮೀನು ಆಮೇಲೆ ಬಂತು, ತಪ್ಪು ವಿಳಾಸಕ್ಕೆ ಬಂದವರ ಹಾಗೆ.

ಪಕ್ಕದ ಟೇಬಲ್ಲಿನಲ್ಲಿ ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಹುಡುಗನೊಬ್ಬ ಗ್ಲಾಸನ್ನು ತಿರುಗಿಸುತ್ತ ಇಂಗ್ಲಿಷಿನಲ್ಲಿ ಎಕ್ಸ್‌ಪರ್ಟನನ್ನು ಕೇಳಿದ: "ಈ ವೈನ್‌ನಲ್ಲಿ ಕಾರ್ಡಮಮ್ ನೋಟ್ಸ್ ಬರ್ತಿದೆ ಅಲ್ವಾ ಸರ್?" (ಏಲಕ್ಕಿಯ ಘಮವಂತೆ.)

ಎಕ್ಸ್‌ಪರ್ಟ್ ಒಂದು ಗುಟುಕು ಕುಡಿದು ಬಹಳ ಹೊತ್ತು ಯೋಚಿಸಿದ. "ಯೆಸ್," ಎಂದ. "ವೆರಿ ಸಟಲ್."

ಕೊನೆಗೆ ಹೆಸರುಬೇಳೆ ಪಾಯಸ ಬಂತು. ನೀರು ನೀರು. ಬೆಲ್ಲವಿತ್ತು ಎಂದು ಪ್ರಮಾಣ ಮಾಡಿ ಹೇಳಲಾರೆ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಅಲ್ಲಿಗೆ ಕಥೆ ಹುಟ್ಟಿತು.

ಈಗ ತರ್ಕಕ್ಕೆ ಬರೋಣ. ಒಂದೇ ಸಂಜೆ, ಒಂದೇ ಅಡುಗೆಮನೆಯಲ್ಲಿ ಮೀನು ಸಿಹಿಯಾಯಿತು, ಪಾಯಸ ಸಪ್ಪೆಯಾಯಿತು. ಇದರಿಂದ ಅಡುಗೆಯವಳ ಕೈ ಹೋಯಿತು ಎನ್ನುತ್ತೀರೋ, ಒಂದರದ್ದು ಇನ್ನೊಂದಕ್ಕೆ ಹೋಯಿತು ಎನ್ನುತ್ತೀರೋ? ಶೆಟ್ರು ಸುರಿದದ್ದು ಪಾಯಸದ ಹಾಲು. ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ ಹಾಕಿ, ಕೊನೆಗೆ ಬೇಳೆಗೆ ಬೆರೆಸಲೆಂದು ವನಜಕ್ಕ ಮುಚ್ಚಿಟ್ಟಿದ್ದ ದಪ್ಪ ಹಾಲು. ಬಣ್ಣ ನೋಡಿದರೆ ತಿಳಿಯುತ್ತಿತ್ತು. ಹೆಂಡತಿ ಇಳಿದುಬರುವ ಮೊದಲು ಕೆಲಸ ಮುಗಿಸಬೇಕಾದವರು ಬಣ್ಣ ನೋಡುವುದಿಲ್ಲ.

ತಪ್ಪು ಯಾರಿಗೂ ಆಗುತ್ತದೆ. ಹೆಂಡತಿಯ ಅಡುಗೆಗೆ ಹೆಂಡತಿಗೆ ಹೇಳದೆ ಕೈಹಾಕುವ ಗಂಡಸರು ಪುಣೆಯಲ್ಲಿ ಇವರೊಬ್ಬರೇ ಅಲ್ಲ. ಮರುದಿನ ಬೆಳಿಗ್ಗೆ ಗಲ್ಲಾದಲ್ಲಿ ಕೂತು, "ನಿನ್ನೆ ನನ್ನಿಂದ ಹೀಗಾಯ್ತು ಮಾರ್ರೆ" ಎಂದಿದ್ದರೆ ಎಲ್ಲರೂ ನಗುತ್ತಿದ್ದರು, ಮಧ್ಯಾಹ್ನಕ್ಕೆ ಮರೆಯುತ್ತಿದ್ದರು. ಶೆಟ್ರು ಅನ್ನಲಿಲ್ಲ. "ಗಸಿ ಏನ್ರಿ ಹಿಂಗಾತು?" ಎಂದು ಯಾರೋ ಕೇಳಿದಾಗ ಸುಮ್ಮನೆ ತಲೆ ಆಡಿಸಿದರು. ಆ ತಲೆಯಾಟಕ್ಕೆ ಜನ ತಮಗೆ ಬೇಕಾದ ಅರ್ಥ ಕೊಟ್ಟರು. ಪಾಪ, ಹೆಂಡತಿಯನ್ನು ಬಿಟ್ಟುಕೊಡಲಿಲ್ಲ, ಎಂಥಾ ಗಂಡ ಎಂದರು.

ಕಳೆದ ಭಾನುವಾರ ಊಟಕ್ಕೆ ಹೋದಾಗ ಶೆಟ್ರೇ ವಿಷಯ ತೆಗೆದರು.

"ಹಡಪಸರಕ್ಕೆ ಒಬ್ಬ ಶೆಫನ್ನು ಇಡುವ ಅಂತ ಮಾಡಿದ್ದೇನೆ. ಕೋರ್ಸ್ ಮಾಡಿದವ, ದೊಡ್ಡ ಹೋಟೆಲಲ್ಲಿ ಇದ್ದವ. ಅವಳಿಗೂ ಸಾಕಾಯ್ತು. ಮತ್ತೆ ಜನ ಬೇರೆ ಹೇಳ್ತಾರಲ್ಲ ಈಗ."

"ಏನು ಹೇಳ್ತಾರೆ?"

"ಅದೇ. ಕೈ ಹೋಯ್ತು ಅಂತ."

"ಹೋಯ್ತಾ ಶೆಟ್ರೇ?"

ಅವರು ಎದ್ದು ಫ್ಯಾನಿನ ಸ್ಪೀಡ್ ಹೆಚ್ಚಿಸಿದರು. "ಸೆಖೆ ನೋಡು," ಎಂದರು.

ನಾನು ಒಳಗೆ ಹೋದೆ. ವನಜಕ್ಕ ತೆಂಗಿನಕಾಯಿ ತುರಿಯುತ್ತಿದ್ದರು. ಸುತ್ತಿಬಳಸಿ ಮಾತಾಡಲು ನನಗೆ ಬರುವುದಿಲ್ಲ. ಅವತ್ತು ಒಲೆಯ ಮುಂದೆ ಕಂಡದ್ದನ್ನು ಹೇಳಿದೆ.

ತುರಿಯುವುದು ನಿಲ್ಲಲಿಲ್ಲ. "ಗೊತ್ತುಂಟು."

"ಯಾವಾಗಿಂದ?"

"ಅವತ್ತೇ. ಕೆಳಗೆ ಬಂದು ನೋಡ್ತೇನೆ, ತಪ್ಪಲೆ ಖಾಲಿ. ಬೆಲ್ಲವೂ ಮುಗಿದಿತ್ತು, ಇದ್ದ ತೆಳು ಹಾಲನ್ನೇ ಪಾಯಸಕ್ಕೆ ಹಾಕಿದೆ. ಇವರ ಅಂಗಿ ತೋಳಲ್ಲಿ ಬೆಲ್ಲದ ಕಲೆ. ಅದನ್ನು ಒಗೆದದ್ದು ಯಾರು, ನೀನಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾನ್ಯಾಕೆ ಹೇಳ್ಬೇಕು? ಅವರು ಹೇಳ್ತಾರೆ ಅಂತ ಕಾದೆ. ಶೆಫ್ ಬರುವ ಸುದ್ದಿ ಹೇಳಿದ್ರು. ಇದನ್ನು ಹೇಳ್ಲಿಲ್ಲ." ಕಾಯಿಯ ಹೋಳನ್ನು ತಿರುಗಿಸಿ ಮತ್ತೆ ತುರಿಯತೊಡಗಿದರು. "ಮುಂದಿನ ತಿಂಗಳು ಅವನು ಇಲ್ಲಿಗೆ ಬರ್ತಾನಂತೆ. ನಾನು ಅವನಿಗೆ ಗಸಿ ಕಲಿಸ್ಬೇಕಂತೆ."

"ಕಲಿಸ್ತೀರಾ?"

"ಕಲಿಸುದು. ನನ್ನ ಕಿಟಕಿಯ ಹತ್ರ ಅವನು ನಿಂತ್ಕೊಳ್ತಾನೆ, ಅಷ್ಟೆ."

ಸಿಟ್ಟಿಲ್ಲ, ಅಳುವಿಲ್ಲ. ವಾದಕ್ಕೆ ಎದುರಾಳಿ ಬೇಕು. ಅಲ್ಲಿ ಯಾರೂ ಇರಲಿಲ್ಲ. "ಇದನ್ನು ನನ್ನ ಪೇಪರ್ ಅಂಕಣದಲ್ಲಿ ಬರೀಲಾ?" ಎಂದು ಕೇಳಿದೆ.

"ಬರಿ," ಎಂದರು ವನಜಕ್ಕ. "ಅವರು ಪೇಪರ್ ತೆಗೆಯುದು ಕ್ರಿಕೆಟ್ ನೋಡ್ಲಿಕ್ಕೆ. ನಿನ್ನದನ್ನು ಓದುದಿಲ್ಲ."

ಓದುಗರೇ, ನಿಮ್ಮಲ್ಲಿ ಯಾರಾದರೂ ಈ ವಾರ ಕರ್ವೆ ರೋಡಿನ ಆ ಗಲ್ಲಿಗೆ ಊಟಕ್ಕೆ ಹೋದರೆ ಈ ಬರಹ ಮೇಲೆ ಕಾಣುವ ಹಾಗೆ ಪುಟವನ್ನು ಮಡಚಿ ಗಲ್ಲಾದ ಮೇಲೆ ಇಟ್ಟುಬನ್ನಿ. ನನಗೆ ಅವರ ಕ್ಷಮಾಪಣೆ ಬೇಡ, ಪ್ರಕಟಣೆಯೂ ಬೇಡ. ಒಂದು ಪ್ರಶ್ನೆಗೆ ಉತ್ತರ ಸಾಕು.

ಶೆಟ್ರೇ, ಆ ಶೆಫ್ ಬಂದಾಗ ವನಜಕ್ಕ ಅವನಿಗೆ ಯಾವ ಗಸಿ ಕಲಿಸಬೇಕು, ಅವರದ್ದನ್ನೋ ನಿಮ್ಮದನ್ನೋ?